ಬ್ರೆಡ್ಡಕ್ಕನ ಅರ್ಧ ಮಾತು

ಫುಟ್‌ಬಾಲ್ ಕ್ಲಬ್ಬಿನ ತರಬೇತಿ ಮೈದಾನಕ್ಕೂ ಬ್ರೆಡ್ಡಕ್ಕನ ಬೇಕರಿಗೂ ನಡುವೆ ಇದ್ದದ್ದು ಒಂದು ರಸ್ತೆ, ಒಂದು ತಂತಿ ಬೇಲಿ, ಅಷ್ಟೆ. ಪ್ರತಿ ವರ್ಷ ಪಂದ್ಯಗಳು ಶುರುವಾಗುವ ಮೊದಲು ಎರಡು ವಾರ ಆಟಗಾರರ ಶಿಬಿರ ನಡೆಯುತ್ತಿತ್ತು. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಯಾರು ಬೇಕಾದರೂ ಒಳಗೆ ಹೋಗಿ ಸಿಮೆಂಟಿನ ಮೆಟ್ಟಿಲುಗಳ ಮೇಲೆ ಕೂತು ನೋಡಬಹುದಿತ್ತು. ಬ್ರೆಡ್ಡಕ್ಕನಿಗೆ ಅದು ಹೇಳಿ ಮಾಡಿಸಿದಂಥ ಹೊತ್ತು. ಬೆಳಕು ಹರಿಯುವ ಮೊದಲೇ ಎದ್ದು ಹಿಟ್ಟು ನಾದುವವಳಿಗೆ, ಎಂಟೂವರೆಗೆ ಕೊನೆಯ ತಟ್ಟೆ ಬನ್ನು ಒಲೆಯಿಂದ ಹೊರಗೆ ಬಂದರೆ ಕೆಲಸ ಮುಗಿದ ಹಾಗೆ. ಆಮೇಲೆ ಗಲ್ಲಾದಲ್ಲಿ ಅವಳ ಅಕ್ಕ ಕೂರುತ್ತಿದ್ದಳು. ಇವಳು ಏಪ್ರನ್ ಬಿಚ್ಚಿ ಮೊಳೆಗೆ ತಗುಲಿಸಿ, ಮೊಣಕೈಗೆ ಮೆತ್ತಿದ ಹಿಟ್ಟನ್ನು ರಸ್ತೆ ದಾಟುವಾಗ ಉಜ್ಜಿಕೊಳ್ಳುತ್ತ ಮೈದಾನಕ್ಕೆ ಹೋಗುತ್ತಿದ್ದಳು. ಐವತ್ತೊಂದು ವರ್ಷದ ಹೆಂಗಸು. ಇಪ್ಪತ್ತೆರಡು ವರ್ಷದಿಂದ ಒಂದು ಶಿಬಿರವನ್ನೂ ತಪ್ಪಿಸಿರಲಿಲ್ಲ.

ಜೊತೆಗೆ ಅಕ್ಕನ ಗಂಡ ಬರುತ್ತಿದ್ದ. ಬೇಕರಿಯ ಪಕ್ಕದಲ್ಲೇ ಅವನದು ಗಡಿಯಾರ ರಿಪೇರಿಯ ಗೂಡಂಗಡಿ. ಯಾರು ಎಷ್ಟು ಸೆಕೆಂಡಿನಲ್ಲಿ ಓಡಿದರು ಎಂಬುದನ್ನು ಕೋಚ್‌ಗಿಂತ ಮೊದಲು ತಾನು ತಿಳಿಯಬೇಕು ಎಂಬುದು ಭಾವನ ಹಟ. ಕೊರಳಿಗೆ ಸ್ಟಾಪ್‌ವಾಚ್ ನೇತುಹಾಕಿಕೊಂಡೇ ಕೂರುತ್ತಿದ್ದ. ಮೂರನೆಯವರು ಭೂಗೋಳ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು. ಅವರು ಪ್ರತಿದಿನ ಪ್ರತಿ ಆಟಗಾರನಿಗೂ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕುತ್ತಿದ್ದರು. ಆರಕ್ಕಿಂತ ಹೆಚ್ಚು ಅಂಕ ಅವರ ಕೈಯಿಂದ ಯಾವತ್ತೂ ಯಾರಿಗೂ ಬಂದದ್ದಿಲ್ಲ, ಪಾಠ ಮಾಡುವಾಗಲೂ ಬಂದಿರಲಿಲ್ಲವಂತೆ.

ಈ ಮೂವರೂ ಸೇರಿದರೆ ಮಾತಿಗೆ ಕೊನೆಯೇ ಇರಲಿಲ್ಲ. ಆ ವರ್ಷ ಕ್ಲಬ್ಬು ದೊಡ್ಡ ಮೊತ್ತ ಸುರಿದು ಒಬ್ಬ ಹೊಸ ಸ್ಟ್ರೈಕರ್‌ನನ್ನು ತಂದಿತ್ತು. ಅವನ ಕಾಲಿಗೆ ಬಂದ ಚೆಂಡು ಬೆಣ್ಣೆ ಸವರಿದ ತಟ್ಟೆಯಿಂದ ಬನ್ನು ಜಾರಿದ ಹಾಗೆ ಜಾರುತ್ತದೆ ಎಂದು ಬ್ರೆಡ್ಡಕ್ಕ ಮೊದಲ ದಿನವೇ ತೀರ್ಪು ಕೊಟ್ಟಳು. ಗೋಲ್‌ಕೀಪರನ ಕೈ ಚುರುಕು, ಬಾಯಿ ಇನ್ನೂ ಚುರುಕು ಎಂದ ಭಾವ. ಮೇಷ್ಟ್ರು ಇಬ್ಬರಿಗೂ ನಾಲ್ಕು ಹಾಕಿದರು.

ಆದರೆ ಎಲ್ಲರ ಕಣ್ಣೂ ಹೋಗಿ ನಿಲ್ಲುತ್ತಿದ್ದದ್ದು ಒಬ್ಬನ ಮೇಲೆ. ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಬಾಗಿಲು’ ಎಂದು. ಹನ್ನೊಂದು ವರ್ಷದಿಂದ ಬಲ ಬದಿಯ ಡಿಫೆಂಡರ್. ಅವನು ಮುಚ್ಚಿಕೊಂಡು ನಿಂತರೆ ಎದುರಾಳಿ ಆ ಕಡೆಯಿಂದ ನುಗ್ಗಿದ್ದು ಕಡಿಮೆ. ಈಗ ಮೂವತ್ತನಾಲ್ಕು ತುಂಬಿತ್ತು. ಇದು ಅವನ ಕೊನೆಯ ವರ್ಷವೋ, ಇನ್ನೂ ಎರಡು ವರ್ಷ ಎಳೆಯುತ್ತಾನೋ ಎಂಬುದೇ ಮೆಟ್ಟಿಲುಗಳ ಮೇಲಿನ ದೊಡ್ಡ ಚರ್ಚೆ.

ಶಿಬಿರದ ಮೂರನೆಯ ದಿನ ಕೋಚ್ ಅವನನ್ನು ಎಡ ಬದಿಯಲ್ಲಿ ನಿಲ್ಲಿಸಿದ. ಬಲಗಡೆ ಹೊಸಬನೊಬ್ಬ ನಿಂತಿದ್ದ. ಬಾಗಿಲಿನದು ಹುಟ್ಟಾ ಬಲಗಾಲು. ಎಡಗಡೆ ನಿಂತವನು ಪ್ರತಿಸಲ ಚೆಂಡನ್ನು ಒಳಕ್ಕೆ ತಿರುಗಿಸಿಕೊಳ್ಳಬೇಕು, ಅಷ್ಟರಲ್ಲಿ ಎದುರಿನವನು ಮೈಮೇಲೆ ಬಂದಿರುತ್ತಾನೆ. ಅರ್ಧ ಗಂಟೆಯಲ್ಲಿ ಮೂರು ಸಲ ಅವನನ್ನು ದಾಟಿ ಹೋದರು. ಮೂರನೆಯ ಸಲ ಅವನು ಜಾರಿ ಕೂತೇಬಿಟ್ಟ. ಮೆಟ್ಟಿಲ ಮೇಲೆ ಒಂದಿಬ್ಬರು ನಕ್ಕರು.

ಬ್ರೆಡ್ಡಕ್ಕನಿಗೆ ತಡೆಯಲಾಗಲಿಲ್ಲ. ಅವಳ ಗಂಟಲು ದೊಡ್ಡದು; ಒಲೆಯ ಸದ್ದಿನ ನಡುವೆ ಮಾತಾಡಿ ಮಾತಾಡಿ ಹಾಗಾದದ್ದು. “ಬಾಗಿಲಿನ ಕೀಲು ತುಕ್ಕು ಹಿಡಿದಿದೆ ಇವತ್ತು,” ಎಂದಳು. “ಹಿಡಿಯದೆ ಇನ್ನೇನು? ಬಲಗಾಲಿನವನನ್ನ ತಂದು ಎಡಗಡೆ ನಿಲ್ಲಿಸಿದ್ರೆ ಅವನೇನು ಮಾಡ್ತಾನೆ? ಅವನ ಜಾಗದಲ್ಲಿ ನಿಲ್ಲಿಸಿ, ಆಮೇಲೆ ಮಾತಾಡಿ.”

ಎದುರಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹಿಂದಕ್ಕೆ ತಿರುಗಿದ. ಪತ್ರಿಕೆಯ ಕ್ರೀಡಾ ವರದಿಗಾರನಂತೆ. ಚೆನ್ನಾಗಿ ಹೇಳಿದಿರಿ, ಬರೆದುಕೊಳ್ಳಲೇ ಎಂದು ವಿನಯದಿಂದ ಕೇಳಿದ. ಎಷ್ಟು ವರ್ಷದಿಂದ ನೋಡುತ್ತಿದ್ದೀರಿ, ಏನು ಉದ್ಯೋಗ ಎಂದೂ ವಿಚಾರಿಸಿದ. ಬರೆದುಕೊಳ್ಳಿ, ಅದಕ್ಕೇನಂತೆ ಎಂದಳು ಬ್ರೆಡ್ಡಕ್ಕ. ಸುಳ್ಳು ಯಾಕೆ, ಒಳಗೊಳಗೇ ಸ್ವಲ್ಪ ಉಬ್ಬಿದಳು ಕೂಡ.

ಆಮೇಲಿನ ದಿನಗಳಲ್ಲಿ ಬಾಗಿಲು ಎಡಗಡೆಯೇ ನಿಂತ. ಆದರೆ ದಿನದಿಂದ ದಿನಕ್ಕೆ ಅಲ್ಲಿಗೂ ಒಗ್ಗಿಕೊಂಡ. ಏಳನೆಯ ದಿನ ಹೊಸ ಸ್ಟ್ರೈಕರ್‌ನಿಂದ ನಾಲ್ಕು ಸಲ ಚೆಂಡು ಕಿತ್ತುಕೊಂಡ. ಮೇಷ್ಟ್ರು ಬಹಳ ಹೊತ್ತು ಯೋಚಿಸಿ ಐದೂವರೆ ಹಾಕಿದರು. ಒಂಬತ್ತನೆಯ ದಿನ ಓಟದ ಪರೀಕ್ಷೆ. ಮೈದಾನದ ಉದ್ದಕ್ಕೆ ಹತ್ತು ಸಲ ಓಡಬೇಕು. ಭಾವ ಉಸಿರು ಬಿಗಿಹಿಡಿದು ಸ್ಟಾಪ್‌ವಾಚ್ ಒತ್ತಿದ. ಇಪ್ಪತ್ತೆರಡು ಜನರಲ್ಲಿ ಬಾಗಿಲು ಮೂರನೆಯವನು. ಭಾವ ಎಲ್ಲರ ಸಮಯ ಬರೆದುಕೊಂಡಿದ್ದ ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿನಲ್ಲಿಟ್ಟುಕೊಂಡ.

ಹನ್ನೆರಡನೆಯ ದಿನ ಬೆಳಿಗ್ಗೆ ಒಬ್ಬ ಟ್ಯಾಕ್ಸಿ ಡ್ರೈವರ್ ಬ್ರೆಡ್ ತೆಗೆದುಕೊಳ್ಳಲು ಬಂದವನು, ಕಂಕುಳಲ್ಲಿದ್ದ ಪತ್ರಿಕೆಯನ್ನು ಗಲ್ಲಾದ ಮೇಲೆ ಹರಡಿ, ಸರಿಯಾಗಿಯೇ ಹೇಳಿದ್ದೀರಿ ಅಕ್ಕಾ ಎಂದು ಮೆಚ್ಚಿಕೊಂಡ. ಬ್ರೆಡ್ಡಕ್ಕ ಕೈ ಒರೆಸಿಕೊಂಡು ಓದಿದಳು.

‘ಬಾಗಿಲಿಗೆ ಬೀಗ’ ಎಂದು ದಪ್ಪಕ್ಷರದ ತಲೆಬರಹ. ಕ್ಲಬ್ಬು ಅವನನ್ನು ಕೈಬಿಟ್ಟಿತ್ತು. ಶಿಬಿರದಲ್ಲಿ ಅವರ ಆಟ ನಿರಾಶೆ ತಂದಿದೆ, ವೇಗ ತಗ್ಗಿದೆ, ಇದು ನಾವು ಹೇಳುವ ಮಾತಲ್ಲ, ಅಭಿಮಾನಿಗಳೇ ಹೇಳುತ್ತಿದ್ದಾರೆ ಎಂದು ಮ್ಯಾನೇಜರ್ ಹೇಳಿಕೆ ಕೊಟ್ಟಿದ್ದ. ಅದರ ಕೆಳಗೆ: “ಬಾಗಿಲಿನ ಕೀಲು ತುಕ್ಕು ಹಿಡಿದಿದೆ ಎನ್ನುತ್ತಾರೆ ಇಪ್ಪತ್ತೆರಡು ವರ್ಷಗಳಿಂದ ತರಬೇತಿ ನೋಡುತ್ತಿರುವ, ಬೇಕರಿ ನಡೆಸುವ ಮಹಿಳೆ.” ಅಲ್ಲಿಗೆ ಪೂರ್ಣವಿರಾಮ. ‘ಇವತ್ತು’ ಎಂಬ ಪದವೂ ಇಲ್ಲ, ಎಡಗಡೆಯ ಸುದ್ದಿಯೂ ಇಲ್ಲ.

ಅವಳ ಮೈಯೆಲ್ಲ ಉರಿದುಹೋಯಿತು. ಇನ್ನೊಮ್ಮೆ ಓದಿದಳು, ಮಾತು ಮುಂದಿನ ಸಾಲಿನಲ್ಲಾದರೂ ಇದೆಯೇನೋ ಎಂದು ಪುಟ ತಿರುಗಿಸಿಯೂ ನೋಡಿದಳು. ಪತ್ರಿಕೆಯ ಕಚೇರಿಗೆ ಫೋನು ಹಚ್ಚಿ, ಮೂರು ಜನರ ಕೈದಾಟಿ ಕೊನೆಗೂ ಆ ವರದಿಗಾರನನ್ನು ಹಿಡಿದಳು. ಅವನು ಪಾಪ ಕ್ಷಮೆಯನ್ನೇನೋ ಕೇಳಿದ. ತಾನು ಪೂರ್ತಿ ಬರೆದಿದ್ದೆ, ಜಾಗ ಸಾಲದೆ ಮೇಲಿನವರು ಕತ್ತರಿಸಿದರು ಎಂದ. ಪಕ್ಕದಲ್ಲೇ ಹಾಸಿಗೆ ಅಂಗಡಿಯ ಜಾಹೀರಾತು ಅರ್ಧ ಪುಟ ಹಾಸಿಕೊಂಡು ಮಲಗಿತ್ತು.

“ನನ್ನ ಎರಡು ಸಾಲಿಗೆ ಜಾಗ ಇರಲಿಲ್ಲ, ಹಾಸಿಗೆಗಿತ್ತು,” ಎಂದಳು ಅವಳು, ಫೋನು ಇಟ್ಟು ಅಕ್ಕನಿಗೆ.

ಅವಳನ್ನು ಕೊರೆದದ್ದು ಕ್ಲಬ್ಬು ಅವನನ್ನು ಬಿಟ್ಟಿತಲ್ಲ ಎಂಬುದಷ್ಟೇ ಅಲ್ಲ. ಆಟಗಾರ ಎಂದಮೇಲೆ ಒಂದು ದಿನ ಹೋಗಲೇಬೇಕು. ಆದರೆ ಗುಂಡು ಹಾರಿಸಿದವರು ಬಂದೂಕು ಇಟ್ಟದ್ದು ತನ್ನ ಹೆಗಲ ಮೇಲೆ. ಭಾವನೂ ಕೆಂಡವಾಗಿದ್ದ. ವೇಗ ತಗ್ಗಿದೆ ಅಂದರೆ ತನ್ನ ಸ್ಟಾಪ್‌ವಾಚ್ ಸುಳ್ಳು ಹೇಳುತ್ತದೆ ಅಂತಲೇ ಅರ್ಥ, ಮೂವತ್ತು ವರ್ಷದಲ್ಲಿ ಯಾರೂ ಹೀಗೆ ಅವಮಾನ ಮಾಡಿರಲಿಲ್ಲ ಎಂದು ಅಂಗಡಿಯ ಮುಂದೆ ಹೋಗಿಬರುವವರಿಗೆಲ್ಲ ಹೇಳಿದ.

ಸಂಜೆ ಐದಕ್ಕೆ ಬ್ರೆಡ್ಡಕ್ಕ ಬಾಗಿಲಿನ ಮನೆಗೆ ಹೊರಟಳು. ಅವನಿರುವುದು ಹಲ್ಲಿನ ಆಸ್ಪತ್ರೆಯ ಮೇಲಿನ ಮೂರನೆಯ ಮಹಡಿಯಲ್ಲಿ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಹೋಗಿ ಏನು ಮಾಡುತ್ತೀಯ, ಗಾಯದ ಮೇಲೆ ಬರೆ ಎಳೆದ ಹಾಗಾಗುತ್ತದೆ ಎಂದ ಭಾವ. ಅಕ್ಕ ಮಾತ್ರ ಹೋಗಿ ಬಾ ಅಂದಳು. ಬರಿಗೈಯಲ್ಲಿ ಯಾರ ಮನೆಗೂ ಹೋಗಿ ಅಭ್ಯಾಸವಿಲ್ಲದ್ದಕ್ಕೆ ಒಂದು ಬ್ರೆಡ್ ಕಾಗದದಲ್ಲಿ ಸುತ್ತಿಕೊಂಡಳು. ಮೂರು ಮಹಡಿ ಹತ್ತುವಷ್ಟರಲ್ಲಿ ಅದನ್ನು ಹಿಚುಕಿ ಹಿಚುಕಿ ಅರ್ಧ ಮಾಡಿದ್ದಳು.

ಬಾಗಿಲು ತೆಗೆದವಳು ಅವನ ಹೆಂಡತಿ. ಆಸ್ಪತ್ರೆಯಲ್ಲಿ ನರ್ಸು, ಆಗಷ್ಟೇ ಡ್ಯೂಟಿ ಮುಗಿಸಿ ಬಂದಿದ್ದಳು, ಸಮವಸ್ತ್ರ ಇನ್ನೂ ಮೈಮೇಲಿತ್ತು. ಬ್ರೆಡ್ಡಕ್ಕ ತಾನು ಯಾರೆಂದು ಹೇಳಿದ ಕೂಡಲೇ ಆಕೆಯ ಮುಖ ಗಂಟಾಯಿತು. ಆದರೂ ಒಳಗೆ ಕರೆದಳು.

ಅಡಿಗೆಮನೆಯ ಮೇಜಿನ ಮುಂದೆ ಅವನು ಹುರುಳಿಕಾಯಿ ಹೆಚ್ಚುತ್ತ ಕೂತಿದ್ದ. ಇಷ್ಟು ಹತ್ತಿರದಿಂದ ಅವಳು ಅವನನ್ನು ನೋಡಿದ್ದೇ ಇಲ್ಲ. ಕಿವಿಯ ಹತ್ತಿರ ಕೂದಲು ನರೆತಿತ್ತು. ಹನ್ನೊಂದು ವರ್ಷ ಮೆಟ್ಟಿಲ ಮೇಲೆ ಕೂತು ಅವನು, ಇವನು ಎಂದು ಏಕವಚನದಲ್ಲಿ ಕೂಗಿದವಳಿಗೆ ಈಗ ಬಾಯಿಂದ ತಾನಾಗಿ ‘ನೀವು’ ಬಂತು.

“ಪೇಪರ್‌ನಲ್ಲಿ ಬಂದದ್ದು ನನ್ನ ಅರ್ಧ ಮಾತು,” ಎಂದಳು. “ಇನ್ನರ್ಧ ಹೇಳೋಣ ಅಂತ ಬಂದೆ.” ಹೇಳಿದಳು. ಎಡಗಡೆ ನಿಲ್ಲಿಸಿದ್ದು, ಅವರ ಜಾಗದಲ್ಲಿ ನಿಲ್ಲಿಸಿ ನೋಡಿ ಎಂದದ್ದು, ಭಾವನ ಹಾಳೆ, ಮೇಷ್ಟ್ರ ಐದೂವರೆ, ಎಲ್ಲ. “ನನ್ನ ಮಾತಿನಿಂದ ನಿಮ್ಮ ಕೆಲಸ ಹೋಯ್ತಲ್ಲಪ್ಪಾ.”

ಅವನು ಚಾಕು ಕೆಳಗಿಟ್ಟ. ಹೆಂಡತಿಯ ಮುಖ ನೋಡಿದ. “ನಿಮ್ಮಿಂದ ಏನೂ ಹೋಗಿಲ್ಲ, ಅಕ್ಕ,” ಎಂದ. “ಇನ್ನೇನೂ ಕೇಳಬೇಡಿ. ಕ್ಲಬ್ಬಿನ ವಿಚಾರ ಹೊರಗೆ ಆಡಲ್ಲ ಅಂತ ಸಹಿ ಹಾಕಿದ್ದೀನಿ.” ಮತ್ತೆ ಚಾಕು ಎತ್ತಿಕೊಂಡ.

“ನಾನು ಹಾಕಿಲ್ಲ,” ಎಂದಳು ಹೆಂಡತಿ.

ಅವನು ಬೇಡ ಎನ್ನುವಂತೆ ತಲೆಯಾಡಿಸಿದ. ಆಕೆ ಅದನ್ನು ಕಂಡೂ ಕಾಣದ ಹಾಗೆ ಒಳಗಿನ ಕೋಣೆಗೆ ಹೋಗಿ ಒಂದು ಲಕೋಟೆ ತಂದು ಬ್ರೆಡ್ಡಕ್ಕನ ಮುಂದೆ ಇಟ್ಟಳು. ಕ್ಲಬ್ಬಿನ ಮುದ್ರೆ, ಮ್ಯಾನೇಜರ್‌ನ ಸಹಿ. ಈ ವರ್ಷದ ತಂಡದಲ್ಲಿ ನಿಮಗೆ ಸ್ಥಾನ ಇರುವುದಿಲ್ಲ ಎಂದು ನಾಲ್ಕು ಸಾಲು. ಮೇಲೆ ತಾರೀಕು: ಹಿಂದಿನ ತಿಂಗಳ ಇಪ್ಪತ್ತೊಂದು. ಶಿಬಿರ ಶುರುವಾದದ್ದು ಈ ತಿಂಗಳ ಎರಡಕ್ಕೆ.

ಬ್ರೆಡ್ಡಕ್ಕ ಮನಸ್ಸಿನಲ್ಲೇ ದಿನ ಎಣಿಸಿದಳು. “ಹಾಗಾದ್ರೆ ಶಿಬಿರಕ್ಕೆ ಯಾಕೆ ಬಂದ್ರು ಇವರು?”

“ಬರದಿದ್ರೆ ಶಿಸ್ತಿಲ್ಲ ಅಂತ ಬರೀತಿದ್ರು,” ಎಂದಳು ಹೆಂಡತಿ. “ಒಪ್ಪಂದ ಮುಗಿಯೋವರೆಗೆ ಒಂದು ದಿನ ತಪ್ಪಿಸೋ ಹಾಗಿಲ್ಲ. ಬಲಗಡೆ ಜಾಗ ಆಗಲೇ ಆ ಹೊಸಬನಿಗೆ ಕೊಟ್ಟಾಗಿತ್ತು. ಅದಕ್ಕೇ ಇವರನ್ನ ಎಡಗಡೆ ನಿಲ್ಲಿಸಿದ್ರು. ಅವರಿಗೆ ಬೇಕಾಗಿದ್ದದ್ದು ಒಂದು ನೆಪ. ನೀವು ಸಿಕ್ಕಿದ್ರಿ.”

ಅವನು ತಲೆ ಎತ್ತಲಿಲ್ಲ. ಹೆಚ್ಚಿದ ಹುರುಳಿಕಾಯಿಯನ್ನೇ ಮತ್ತೆ ಹೆಚ್ಚುತ್ತಿದ್ದ.

ಈ ತಾರೀಕನ್ನು ತಾನು ನಾಲ್ಕು ಜನರ ಮುಂದೆ ಆಡಬಹುದೇ ಎಂದು ಬ್ರೆಡ್ಡಕ್ಕ ಕೇಳಿದಳು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಲ್ಕೂರು ದಾಟಿ ಇನ್ನೊಂದು ಕ್ಲಬ್ಬು ಅವನ ಜೊತೆ ಮಾತುಕತೆ ನಡೆಸುತ್ತಿದೆಯಂತೆ. ಆಟ ನಿರಾಶೆ ತಂದಿದೆ ಎಂಬ ಸುದ್ದಿ ಓದಿ ಈಗ ಅವರೂ ಹಿಂದೇಟು ಹಾಕುತ್ತಿದ್ದಾರೆ ಎಂದಳು ಹೆಂಡತಿ. ನಿಜ ಹೊರಗೆ ಬಂದರೆ ಒಳ್ಳೆಯದೇ, ಆದರೆ ಇವರ ಬಾಯಿಂದ ಬಂತು ಅಂತ ಆಗಬಾರದು. ಅವನು ನನಗೇನೂ ಕೇಳಿಸಲಿಲ್ಲ ಎಂದು ಎದ್ದುಹೋಗಿ ನಲ್ಲಿ ತಿರುಗಿಸಿದ. ಅದೇ ಒಪ್ಪಿಗೆ ಎಂದು ಹೆಂಗಸರಿಬ್ಬರೂ ತಿಳಿದುಕೊಂಡರು.

ಮನೆಗೆ ನಡೆದುಬರುವಾಗ ಬ್ರೆಡ್ಡಕ್ಕನ ಸಿಟ್ಟು ಇನ್ನೊಂದು ಬಣ್ಣಕ್ಕೆ ತಿರುಗಿತ್ತು. ಹೋಗುವಾಗ ಅದರಲ್ಲಿ ಅರ್ಧ ಪಾಲು ತನ್ನ ಮೇಲೆಯೇ ಇತ್ತು. ಈಗ ಪೂರ್ತಿ ಆಚೆ ಕಡೆಗೆ. ಹನ್ನೆರಡು ದಿನ ಬಿಸಿಲಲ್ಲಿ ಕೂತು, ಯಾರ ಪಾಸು ಚೆಂದ, ಯಾರ ಕಾಲು ಸೋತಿತು ಎಂದು ಗಂಟಲು ಹರಿದುಕೊಂಡರಲ್ಲ, ಆ ಹೊತ್ತಿಗೆ ಫಲಿತಾಂಶ ಟೈಪಾಗಿ ಲಕೋಟೆಯೊಳಗೆ ಹೋಗಿಯಾಗಿತ್ತು. ಅದನ್ನು ಜೇಬಿನಲ್ಲಿಟ್ಟುಕೊಂಡವನೇ ಓಟದಲ್ಲಿ ಮೂರನೆಯವನಾಗಿ ಬಂದಿದ್ದ. ಅವನು ಜಾರಿ ಬಿದ್ದಾಗ ನಕ್ಕವರ ನೆನಪಾಗಿ ಅವಳು ಇನ್ನೂ ಬಿರುಸಾಗಿ ಹೆಜ್ಜೆ ಹಾಕಿದಳು.

ಶಿಬಿರದ ಕೊನೆಯ ದಿನ ಹನ್ನೊಂದು ಗಂಟೆಗೆ ಕ್ಲಬ್ಬಿನ ಕ್ಯಾಂಟೀನಿನಲ್ಲಿ ಅಭಿಮಾನಿಗಳ ಸಭೆ ನಡೆಯುವುದು ವಾಡಿಕೆ. ಆ ವರ್ಷ ನೂರೈವತ್ತು ಜನ ಸೇರಿದ್ದರು. ಕುರ್ಚಿ ಸಾಲದೆ ಗೋಡೆಗೊರಗಿ ನಿಂತಿದ್ದರು. ಮುಂದಿನ ಮೇಜಿನ ಹಿಂದೆ ಮ್ಯಾನೇಜರ್, ಪಕ್ಕದಲ್ಲಿ ಕೋಚ್. ಮ್ಯಾನೇಜರ್ ಹೊಸ ಜೆರ್ಸಿಯ ಬಣ್ಣದ ಬಗ್ಗೆ ಮಾತಾಡಿದ, ಟಿಕೆಟ್ಟಿನ ಬಗ್ಗೆ ಮಾತಾಡಿದ. ಅಭಿಮಾನಿಗಳ ಅಭಿಪ್ರಾಯಕ್ಕೆ ಈ ಕ್ಲಬ್ಬು ಎಷ್ಟು ಬೆಲೆ ಕೊಡುತ್ತದೆ ಎಂಬುದನ್ನು ಈ ವಾರವೇ ನೀವು ನೋಡಿದ್ದೀರಿ ಎಂದು ಹೇಳಿ ಮುಗುಳ್ನಕ್ಕ.

ಪ್ರಶ್ನೆ ಕೇಳುವ ಹೊತ್ತಿಗೆ ಮೊದಲು ಕೈಯೆತ್ತಿದವರು ಮೇಷ್ಟ್ರು. ಅವರ ಪ್ರಶ್ನೆ ಕ್ಲಬ್ಬಿನ ಹುಟ್ಟಿನಿಂದ ಶುರುವಾಗಿ ಇನ್ನೂ ಹತ್ತನೆಯ ವರ್ಷಕ್ಕೂ ಬಂದಿರಲಿಲ್ಲ. ಬ್ರೆಡ್ಡಕ್ಕ ಅವರ ತೋಳು ಹಿಡಿದು ಮೆಲ್ಲಗೆ ಕೂರಿಸಿ ತಾನು ನಿಂತಳು.

“ಕೀಲು ತುಕ್ಕು ಹಿಡಿದಿದೆ ಅಂದವಳು ನಾನೇ,” ಎಂದಳು. ಮೈಕು ಬೇಕಾಗಲಿಲ್ಲ. “ಆವತ್ತಿನ ಆಟಕ್ಕೆ ಅಂದದ್ದು. ಬಲಗಾಲಿನವರನ್ನ ಎಡಗಡೆ ನಿಲ್ಲಿಸಿದ್ದಕ್ಕೆ ಅಂದದ್ದು. ಆ ಅರ್ಧನ ನೀವು ಬಿಟ್ರಿ, ಈ ಅರ್ಧನ ಇಟ್ಕೊಂಡ್ರಿ.”

ಭಾವನೂ ಎದ್ದು ಮಡಚಿದ ಹಾಳೆ ಬಿಡಿಸಿ, ಇಪ್ಪತ್ತೆರಡು ಜನರಲ್ಲಿ ಮೂರನೆಯ ಸ್ಥಾನ ಎಂದು ಓದಿದ. ಬೇಕಾದರೆ ಸ್ಟಾಪ್‌ವಾಚನ್ನು ಯಾರಿಂದಲಾದರೂ ಪರೀಕ್ಷೆ ಮಾಡಿಸಲಿ ಎಂದು ಸವಾಲನ್ನೂ ಹಾಕಿದ.

ಪತ್ರಿಕೆಯ ಬರಹಕ್ಕೆ ಕ್ಲಬ್ಬು ಹೊಣೆಯಲ್ಲ ಎಂದ ಮ್ಯಾನೇಜರ್. ತೀರ್ಮಾನ ತೆಗೆದುಕೊಳ್ಳುವಾಗ ಶಿಬಿರದ ಆಟವನ್ನು ಹಲವು ಕೋನಗಳಿಂದ ಪರಿಶೀಲಿಸಿದ್ದೇವೆ, ನಿಮ್ಮ ಭಾವನೆ ಅರ್ಥವಾಗುತ್ತದೆ ಎಂದ.

“ಭಾವನೆ ಇರಲಿ. ಒಂದೇ ಪ್ರಶ್ನೆ,” ಎಂದಳು ಬ್ರೆಡ್ಡಕ್ಕ. “ನಿಮಗೆ ತಂಡದಲ್ಲಿ ಜಾಗ ಇಲ್ಲ ಅಂತ ಅವರಿಗೆ ಪತ್ರ ಬರೆದ ತಾರೀಕು ಯಾವುದು?”

ಮ್ಯಾನೇಜರ್ ನೀರಿನ ಲೋಟಕ್ಕೆ ಕೈ ಹಾಕಿದ. ಕುಡಿದ. ಒಳಗಿನ ಪತ್ರವ್ಯವಹಾರ ಗೋಪ್ಯವಾದದ್ದು, ಅದನ್ನು ಆಟಗಾರರೇ ಹೊರಗೆ ಹೇಳಿದ್ದರೆ ಒಪ್ಪಂದ ಮುರಿದಂತಾಗುತ್ತದೆ, ಕ್ರಮ ಕೈಗೊಳ್ಳಬೇಕಾಗುತ್ತದೆ ಎಂದ.

“ಅವರು ನನ್ನ ಹತ್ರ ಬಾಯೇ ಬಿಡಲಿಲ್ಲ. ಹುರುಳಿಕಾಯಿ ಹೆಚ್ತಾ ಕೂತಿದ್ರು,” ಎಂದಳು ಅವಳು. ಯಾರೋ ನಕ್ಕರು, ತಕ್ಷಣ ನಿಲ್ಲಿಸಿದರು. “ನಾನು ಕೇಳ್ತಿರೋದು ನಿಮ್ಮನ್ನ.”

ಮ್ಯಾನೇಜರ್ ಮುಂದಿನ ಪ್ರಶ್ನೆ ಎಂದು ಸಭೆಯ ಇನ್ನೊಂದು ಮೂಲೆಯ ಕಡೆ ಕೈ ಚಾಚಿದ. ಆ ಮೂಲೆಯಲ್ಲಿ ಯಾರೂ ಕೈಯೆತ್ತಲಿಲ್ಲ. ಆಗ, ಅಷ್ಟು ಹೊತ್ತೂ ಮೇಜಿನ ಮೇಲಿನ ತನ್ನ ಕೈಗಳನ್ನೇ ನೋಡುತ್ತ ಕೂತಿದ್ದ ಕೋಚ್ ಮೈಕನ್ನು ತನ್ನ ಕಡೆ ಎಳೆದುಕೊಂಡ.

“ಇಪ್ಪತ್ತೊಂದು,” ಎಂದ. “ಹೋದ ತಿಂಗಳು. ನನಗೂ ಅವತ್ತೇ ಹೇಳಿದ್ರು. ಎಡಗಡೆ ನಿಲ್ಲಿಸು ಅಂತಲೂ ಹೇಳಿದ್ರು, ನಿಲ್ಲಿಸಿದೆ. ನಿಲ್ಲಿಸಬಾರದಿತ್ತು.”

ಆಮೇಲೆ ಸಭೆ ಸಭೆಯಾಗಿ ಉಳಿಯಲಿಲ್ಲ. ಎಲ್ಲರೂ ಎದ್ದು ನಿಂತರು. ನಮ್ಮ ಕಣ್ಣಿಗೆ ಮಣ್ಣೆರಚಲು ಶಿಬಿರ ಯಾಕೆ ಬೇಕಿತ್ತು ಎಂದು ಒಬ್ಬ ಕೇಳಿದ. ಆವತ್ತು ನಕ್ಕವರಲ್ಲಿ ನಾನೂ ಒಬ್ಬ ಎಂದು ಇನ್ನೊಬ್ಬ, ಯಾರಿಗೆಂದಿಲ್ಲದೆ, ತಲೆತಗ್ಗಿಸಿ ಹೇಳಿದ. ಮ್ಯಾನೇಜರ್ ಹಿಂದಿನ ಬಾಗಿಲಿನಿಂದ ಹೊರಟುಹೋದ. ಕೋಚ್ ಮಾತ್ರ ಅಲ್ಲೇ ಕೂತಿದ್ದ; ಬೈದವರ ಬೈಗುಳವನ್ನೆಲ್ಲ ಕೊನೆಯವರೆಗೂ ಕೇಳಿಸಿಕೊಂಡ.

ಮಾರನೆಯ ದಿನ ಪತ್ರಿಕೆಯಲ್ಲಿ ಪೂರ್ತಿ ಮಾತು ಬಂತು, ಆ ವರದಿಗಾರನೇ ಬರೆದಿದ್ದ. ಕ್ಲಬ್ಬು ತನ್ನ ಪ್ರಕಟಣೆಯಿಂದ ‘ಅಭಿಮಾನಿಗಳೇ ಹೇಳುತ್ತಿದ್ದಾರೆ’ ಎಂಬ ಸಾಲನ್ನು ತೆಗೆದುಹಾಕಿತು. ಕ್ಷಮೆ ಕೇಳಲಿಲ್ಲ. ಬಾಗಿಲನ್ನು ವಾಪಸು ಕರೆಯಲೂ ಇಲ್ಲ. ಕೋಚ್ ತಿಂಗಳೊಳಗೆ ಕೆಲಸ ಬಿಟ್ಟ. ಬಿಟ್ಟನೋ ಬಿಡಿಸಿದರೋ ಯಾರಿಗೂ ಸರಿಯಾಗಿ ತಿಳಿಯಲಿಲ್ಲ.

ಸಭೆ ಮುಗಿದ ವಾರಕ್ಕೆ ಮೈದಾನದ ತಂತಿ ಬೇಲಿಗೆ ಉದ್ದಕ್ಕೂ ಹಸಿರು ಬಟ್ಟೆ ಬಿಗಿದರು. ಇನ್ನು ಮೇಲೆ ತರಬೇತಿ ನೋಡಲು ಸಾರ್ವಜನಿಕರಿಗೆ ಪ್ರವೇಶವಿಲ್ಲ ಎಂದು ಬೋರ್ಡು ಹಾಕಿದರು. ಬ್ರೆಡ್ಡಕ್ಕ ಅದನ್ನು ಓದಿ ಕುದಿದುಹೋದಳು. ಸುಳ್ಳು ಹೇಳಿದವರು ಅವರು, ಕಣ್ಣು ಕಟ್ಟಿದ್ದು ನಮಗೆ ಎಂದಳು. ಮೇಷ್ಟ್ರು ಆರು ಪುಟದ ಪತ್ರ ಬರೆದರು. ಸ್ವೀಕರಿಸಲಾಗಿದೆ ಎಂದು ಒಂದು ಸಾಲಿನ ಉತ್ತರ ಬಂತು. ಶಿಬಿರ ಮುಗಿದರೂ ಬೆಳಗಿನ ತರಬೇತಿ ನಡೆದೇ ಇತ್ತು. ಎರಡು ದಿನ ಮೂವರೂ ಬೇಕರಿಯ ಮೆಟ್ಟಿಲ ಮೇಲೆ ಚಹಾ ಹಿಡಿದು ಕೂತು, ಬಟ್ಟೆಯ ಆಚೆ ಬರುವ ಸೀಟಿ, ಕೂಗು, ಚೆಂಡಿಗೆ ಒದ್ದ ಸದ್ದು ಕೇಳಿಯೇ ಯಾರು ಹೇಗೆ ಆಡಿದರೆಂದು ಜಗಳವಾಡಿದರು. ಮೂರನೆಯ ದಿನ ಅವಳು ಏಪ್ರನ್ ಬಿಚ್ಚಲೇ ಇಲ್ಲ. ಇನ್ನೊಂದು ತಟ್ಟೆ ಬನ್ನು ಒಲೆಗೆ ಹಾಕಿದಳು.

ಬಾಗಿಲನ್ನು ಆ ದೂರದ ಕ್ಲಬ್ಬು ಒಂದು ವರ್ಷಕ್ಕೆ ತೆಗೆದುಕೊಂಡಿತು. ಬಸ್ಸಿನಲ್ಲಿ ಎರಡೂವರೆ ಗಂಟೆಯ ದಾರಿ. ಸಣ್ಣ ಮೈದಾನ, ಮರದ ಬೆಂಚು, ನೋಡಲು ಬಂದವರು ಮುನ್ನೂರು ಜನ ಇದ್ದರೆ ಹೆಚ್ಚು. ಒಂದು ಭಾನುವಾರ ಬ್ರೆಡ್ಡಕ್ಕ, ಭಾವ, ಮೇಷ್ಟ್ರು ಮೂವರೂ ಹೋದರು. ಅವನನ್ನು ಬಲಗಡೆಯೇ ನಿಲ್ಲಿಸಿದ್ದರು. ಮೊದಲರ್ಧ ಅವನು ಚೆನ್ನಾಗಿ ಆಡಲಿಲ್ಲ. ನೇರವಾಗಿ ಕೊಡಬೇಕಾದ ಚೆಂಡನ್ನು ಎರಡು ಸಲ ಎದುರಾಳಿಯ ಕಾಲಿಗೇ ಕೊಟ್ಟ. ಎರಡನೆಯರ್ಧದಲ್ಲಿ ಆ ಕಡೆಯಿಂದ ಒಬ್ಬನನ್ನೂ ಬಿಡಲಿಲ್ಲ. ಪಂದ್ಯ ಸಮವಾಯಿತು.

ವಾಪಸು ಬರುವ ಬಸ್ಸಿನಲ್ಲಿ ಮೇಷ್ಟ್ರು ಐದು ಎಂದರು. ಅದು ಅನ್ಯಾಯ, ಆರಾದರೂ ಕೊಡಬೇಕು ಎಂದ ಭಾವ. ಆ ಎರಡು ಪಾಸಿಗೆ ನಾನಾಗಿದ್ದರೆ ನಾಲ್ಕೂವರೆಗಿಂತ ಒಂದು ಕಾಳೂ ಹೆಚ್ಚು ಹಾಕುತ್ತಿರಲಿಲ್ಲ ಎಂದು ಬ್ರೆಡ್ಡಕ್ಕ ಖಡಾಖಂಡಿತವಾಗಿ ಹೇಳಿದಳು. ಯಾಕೆ ಹಾಕುತ್ತಿರಲಿಲ್ಲ ಎಂಬುದನ್ನು ಮೂವರೂ ಇಳಿಯುವ ನಿಲ್ದಾಣ ಬರುವವರೆಗೆ, ಮುಂದಿನ ಸೀಟಿನವರು ಎರಡು ಸಲ ತಿರುಗಿ ನೋಡುವಷ್ಟು ಗಟ್ಟಿಯಾಗಿ, ಪೂರ್ತಿ ವಿವರಿಸಿದಳು.